ಹದಿನೇಳನೆಯ ಪರದೆ

ಸೋಮವಾರ, 4ನೇ ತಾರೀಕು. ಸಂಜೆ 6:30

ಇವತ್ತೂ ಹದಿನಾರು ಪರದೆ, ಎಂಟು ಗಂಟೆ. ಮಾಲಿನ ಸಿಸಿಟಿವಿ ರೂಮಿನಲ್ಲಿ ಕೂತು ಕಂಡವರ ಚೀಲ, ಚಪ್ಪಲಿ, ಜಗಳ ನೋಡುವುದೇ ಕೆಲಸ. ಹದಿನೇಳನೆಯದು ನನ್ನ ಫೋನು. ಅದರಲ್ಲಿ ಅತ್ತೆ. ಬಚ್ಚಲಲ್ಲಿ ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ಹಾಲ್‌ನಲ್ಲಿ ನಾನೇ ಕ್ಯಾಮೆರಾ ಹಾಕಿಸಿದೆ. ಇವರು ತೀರಿಹೋದ ಮೇಲೆ ಅತ್ತೆಗೆ ನಾನು, ನನಗೆ ಅತ್ತೆ. ಹತ್ತು ನಿಮಿಷಕ್ಕೊಮ್ಮೆ ನೋಡುತ್ತೇನೆ. ಕುರ್ಚಿಯಲ್ಲಿ ಕೂತಿರುತ್ತಾರೆ. ಹೋದ ಜೀವ ಬರುತ್ತದೆ.

ನನ್ನ ಬಿಪಿ ನೂರರವತ್ತು. ಡಾಕ್ಟರಮ್ಮ ಗದರಿದರು. "ಡ್ಯೂಟಿ ಬಿಟ್ರೆ ಬೇರೆ ಸ್ಕ್ರೀನೇ ಬೇಡ, ಒಂದು ವಾರ. ತಿನ್ನುವಾಗ ತಿನ್ನಿ, ನಡೆಯುವಾಗ ನಡೀರಿ. ಅಷ್ಟೇ ಔಷಧಿ." ಅಷ್ಟೇ ಅಂದವರು ಎರಡು ಮಾತ್ರೆಯನ್ನೂ ಬರೆದರು.

ಮಂಗಳವಾರ. ಮಧ್ಯಾಹ್ನ 1:15

ಬೆಳಿಗ್ಗೆ ಕ್ಯಾಮೆರಾದ ವೈರ್ ಕಿತ್ತೆ. ಅತ್ತೆಯ ಕೊರಳಿಗೆ ಗಾರ್ಡುಗಳ ಸೀಟಿ ಹಾಕಿದೆ. ಏನಾದರೂ ಆದರೆ ಊದಬೇಕು, ಎದುರುಮನೆಯ ರಿಟೈರ್ಡ್ ಟೀಚರ್ ಓಡಿ ಬರುತ್ತಾರೆ.

ಫೋನು ಲಾಕರಿನಲ್ಲಿ. ಗಮನವಿಟ್ಟು ಊಟ... ಮೂರನೇ ತುತ್ತಿಗೆ ಅತ್ತೆ ಬಿದ್ದರು. ಐದನೆಯದಕ್ಕೆ ಮತ್ತೆ ಬಿದ್ದರು. ತಲೆಯೊಳಗೂ ಒಂದು ಕ್ಯಾಮೆರಾ ಇದೆ, ಅದರ ವೈರ್ ಎಲ್ಲಿದೆಯೋ. ಗಮನವಿಟ್ಟದ್ದಕ್ಕೆ ಸಿಕ್ಕ ಲಾಭ — ಉಪ್ಪೇ ಹಾಕಿಲ್ಲವೆಂದು ತಿಳಿಯಿತು.

ಗುರುವಾರ. ಸಂಜೆ 7

ನಿನ್ನೆ ಬರೆಯಲಿಲ್ಲ. ಸೋತಿದ್ದೆ. ಮೂರು ಗಂಟೆಗೆ ಲಾಕರ್ ತೆಗೆದು ಆ್ಯಪ್ ಒತ್ತಿದರೆ ಬರೀ ಕಪ್ಪು. ವೈರ್ ಕಿತ್ತವಳು ನಾನೇ ಎಂಬುದು ಮರೆತೇಹೋಗಿತ್ತು. ಆ ಕಪ್ಪನ್ನೇ ನೋಡುತ್ತ ಕೂತೆ. ಪಕ್ಕದ ಸೀಟಿನವನು, ನಾವೆಲ್ಲ ಮೀಸೆ ಅನ್ನುವವನು, ಬಗ್ಗಿ ನೋಡಿ, "ಯಾವ ಸಿನಿಮಾ ಅಕ್ಕಾ?" ಅಂದ. ನಗಲೂ ಶಕ್ತಿ ಇರಲಿಲ್ಲ.

ಶನಿವಾರ. ಸಂಜೆ 5

ಅರ್ಧ ಗಂಟೆ ಮೊದಲೇ ಬಂದೆ. ಕುರ್ಚಿ ಖಾಲಿ. ಬಚ್ಚಲಿಗೆ ಓಡಿದೆ. ಇಲ್ಲ. ಹಿಂದಿನ ಬಾಲ್ಕನಿಯಲ್ಲಿದ್ದರು. ಒಂದು ಕೈ ವಾಕರ್ ಮೇಲೆ, ಇನ್ನೊಂದರಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಯಾವಾಗಿಂದ ಹೀಗೆ ಓಡಾಡ್ತಿದೀರಿ ಅತ್ತೆ?"

"ಮಂಗಳವಾರದಿಂದ."

"ಮುಂಚೆ ಯಾಕಿಲ್ಲ? ಫಿಸಿಯೋದವರು ನಡೀರಿ ನಡೀರಿ ಅಂತ ಬಡ್ಕೋತಿದ್ರಲ್ಲ."

ಟವೆಲ್ ಮಡಚುತ್ತಲೇ ಹೇಳಿದರು. "ಒಂದ್ಸಲ ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಹೋಗಿದ್ದೆ. ಹನ್ನೊಂದು ಸಲ ಫೋನ್ ಮಾಡಿದ್ದೆ ನೀನು. ಆಟೋ ಹಿಡ್ಕೊಂಡು ಅಳ್ತಾ ಬಂದೆ. ಕುರ್ಚೀಲಿ ಕಂಡ್ರೆ ನಿಂಗೆ ಸಮಾಧಾನ ಅಲ್ವಾ. ಅದಕ್ಕೇ ಕೂತೆ."

ಕ್ಯಾಮೆರಾ ಹಾಕಿಸಿ ಐದು ತಿಂಗಳು. ನಾನು ಅವರನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನಾಚಿಕೆಯಾಯಿತು. ಬಟ್ಟೆ ಇಸಿದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

ಭಾನುವಾರ. ಬೆಳಿಗ್ಗೆ 7:40

ದಣಿವೇನೂ ಹೋಗಿಲ್ಲ. ಮೈಯೆಲ್ಲ ಭಾರ. ಅತ್ತೆಗೆ ಬೀದಿಯ ತುದಿಯವರೆಗೆ ಹೋಗಬೇಕಂತೆ. ಮನೆ ಮುಂದೆ ನಾಲ್ಕು ಮೆಟ್ಟಿಲಿದೆ. ಕೈ ಹಿಡಿಯಕೂಡದು, ಪಕ್ಕದಲ್ಲಿದ್ದರೆ ಸಾಕಂತೆ. ಫೋನು ಮನೆಯಲ್ಲೇ ಇರಲಿ ಎಂದದ್ದು ನಾನೇ. ಹೆದರಿಕೆಯಾಗುತ್ತಿದೆ, ಸುಳ್ಳೇಕೆ ಬರೆಯಲಿ...

ಸೀಟಿ! ಬಿದ್ದದ್ದಲ್ಲ, ಬಾಗಿಲಿನಿಂದ ಕರೆಯುತ್ತಿದ್ದಾರೆ. "ಬರ್ದಿದ್ದು ಸಾಕು ಬಾರೇ. ನಾನು ಒಂದು ಮೆಟ್ಟಿಲು ಇಳಿದೂ ಆಯ್ತು" ಎಂದು...