ಮಗ್ಗದ ಸದ್ದಿನೊಳಗೆ ಅಮ್ಮ ಆಡಿದ ಮಾತು

ತಮ್ಮಾ,

ನೀನು ಹೋಗಿ ವರ್ಷ ಆಗ್ತಾ ಬಂತು. ಚೆನ್ನಾಗಿದೀಯಾ ಅಂತ ಕೇಳೋ ಹಾಗಿಲ್ಲ, ಬೈಯೋಣ ಅಂದ್ರೆ ಎದುರಿಗಿಲ್ಲ. ಅದಕ್ಕೇ ಬರೀತಿದೀನಿ. ಸೀರೆ ಸುತ್ತೋ ಹಳೇ ಪೇಪರ್ ಓದಿ ಓದಿ ಕಲಿತ ಅಕ್ಷರ ಇದು, ಸೊಟ್ಟಗಿದ್ರೆ ನಗಬೇಡ.

ನಿನ್ನ ಮಗಳು ಗಿರಿಜಾನ ಸ್ಕೂಲಿಗೆ ಸೇರಿಸಿದ ವರ್ಷ, ಎಂಬತ್ತೊಂಬತ್ತು ಇರಬೇಕು. ನೀನು ಟೀ ಅಂಗಡಿಯಿಂದ ಮುಖ ಗಂಟು ಹಾಕ್ಕೊಂಡು ಬಂದೆ. "ಇವತ್ತಿಂದ ಈ ಮನೇಲಿ ತೆಲುಗು ಬೇಡ" ಅಂದೆ. ಯಾರೋ ಒಬ್ಬ ಕೇಳಿದ್ನಂತೆ, "ಏನಪ್ಪಾ, ಆಂಧ್ರದೋರಾ ನೀವು?" ಅಂತ. ನಮ್ಮ ತಾತ ಹುಟ್ಟಿದ್ದೂ ದೊಡ್ಡಬಳ್ಳಾಪುರದಲ್ಲೇ ಕಣಯ್ಯಾ ಅಂತ ಅವನಿಗೆ ಹೇಳೋಕೆ ನಿನಗೆ ಬಾಯಿರಲಿಲ್ಲ. ಮನೆಗೆ ಬಂದು ಅಮ್ಮನ ಬಾಯಿ ಮುಚ್ಚಿಸಿದೆ. "ನನ್ನ ಮಗೂನ ಯಾರೂ ಹಂಗೆ ಕೇಳಬಾರದು ಕಣಕ್ಕಾ" ಅಂದಾಗ ನಿನ್ನ ಕಣ್ಣಲ್ಲಿ ನೀರಿತ್ತು. ಅದನ್ನ ನೋಡಿ ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತೇನೋ...

ಹಿಂದೂಪುರದಿಂದ ಸೊಸೆಯಾಗಿ ಬಂದ ಅಮ್ಮನಿಗೆ ಇದ್ದದ್ದು ಸಂತೆ ಕನ್ನಡ. ಸೊಪ್ಪು ಚೌಕಾಸಿ ಮಾಡೋಕೆ ಸಾಕಾಗ್ತಿತ್ತು, ಮೊಮ್ಮಗಳಿಗೆ ಕಥೆ ಹೇಳೋಕೆ ಎಲ್ಲಿ ಸಾಕಾಗುತ್ತೆ? ತಡವರಿಸಿದ್ಲು. "ಅಜ್ಜಿಗೆ ಮಾತೇ ಬರಲ್ಲ!" ಅಂತ ಮಗು ನಕ್ಕಿತು. ನೀನೂ ನಕ್ಕೆ. ಬೀದಿ ಜಗಳಾನ ಒಂದೇ ಗದರಿಕೆಗೆ ನಿಲ್ಲಿಸ್ತಿದ್ದ ಹೆಂಗಸು ಕಣೋ ಅವಳು! ಆಮೇಲೆ ಅವಳ ಬಾಯಲ್ಲಿ ಊಟಕ್ಕೆ ಬಾ, ಹೂಂ, ಊಹೂಂ. ಅಷ್ಟೇ.

ದಿನವೆಲ್ಲ ಅಮ್ಮ ಮಗ್ಗದ ಕೊಟ್ಟಿಗೇಲೇ ಕೂತಿರ್ತಿದ್ಲು, ಜ್ಞಾಪಕ ಇದೆಯಾ? "ಮುದುಕಿಗೆ ಮಗ್ಗದ ಮೇಲೇ ಪ್ರಾಣ" ಅಂತಿದ್ದೆ ನೀನು. ನಿನ್ನ ತಲೆ! ಕರೆಂಟ್ ಮಗ್ಗದ ಸದ್ದಲ್ಲಿ ಯಾರ ಮಾತು ಯಾರಿಗೆ ಕೇಳುತ್ತೆ? ತುಟಿ ನೋಡಿ ತಿಳ್ಕೋಬೇಕು. ಆ ಸದ್ದಿನ ಮರೇಲಿ ಅವಳು ತೆಲುಗು ಆಡ್ತಿದ್ಲು. ನಾನು ಕಂಡಿಕೆಗೆ ನೂಲು ಸುತ್ತುತ್ತಾ ಅವಳ ತುಟಿ ನೋಡ್ತಿದ್ದೆ. ಒಂದ್ಸಲ ಥಟ್ಟನೆ ಕರೆಂಟ್ ಹೋಯ್ತು. ಅಮ್ಮನ ದನಿ ಒಂದೇ ಉಳೀತು. ನೀನು ಬಾಗಿಲಿಗೆ ಬಂದು ನಿಂತೆ. ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಲ್ಲಿಂದಾಚೆ ಮಗ್ಗದ ಸದ್ದಲ್ಲೂ ಬರೀ ತುಟಿ ಆಡಿಸ್ತಿದ್ಲು, ದನಿ ಕೊಡಲಿಲ್ಲ.

ಅಮ್ಮ ಹೋದ ದಿನ ನೀನು ಎದೆ ಬಡ್ಕೊಂಡು ಅತ್ತೆ. ಯಾವ ಭಾಷೇಲಿ ಅತ್ತೆ ಅಂತ ನಿನಗೇನಾದ್ರೂ ಗೊತ್ತಾ? ನನಗೆ ಗೊತ್ತು.

ಈಗ ಕೇಳು. ಹೋದ ವಾರ ಮಗ್ಗ ಓಡ್ತಿತ್ತು. ಕಾಲೇಜಿಂದ ಬಂದ ಗಿರಿಜಾ ನನ್ನೆದುರು ನಿಂತು ತುಟಿ ಆಡಿಸಿದ್ಲು. "ತಿಂಟಿವಾ ಬಂಗಾರು?" ಊಟ ಆಯ್ತಾ ಚಿನ್ನಾ ಅಂತ! ಅತ್ತೇನ ಯಾರಾದ್ರೂ ಚಿನ್ನ ಅಂತಾರಾ? ಅಮ್ಮ ಅವಳನ್ನ ಹೇಗೆ ಕೇಳ್ತಿದ್ಲೋ ಹಾಗೇ ಕಲಿತಿದೆ ಹುಡುಗಿ. ಅಷ್ಟು ವರ್ಷ ನಿನ್ನ ಬೆನ್ನ ಹಿಂದೆ ಅಜ್ಜಿ ಮೊಮ್ಮಗಳು ತುಟೀಲೇ ಮಾತಾಡಿದ್ದಾರೆ.

ಓಡಿ ಹೋಗಿ ಮಗ್ಗ ನಿಲ್ಲಿಸಿದೆ. "ಈಗ ಹೇಳೇ, ಜೋರಾಗಿ" ಅಂದೆ. ಅವಳ ತುಟಿ ಆಡಿತು, ದನಿ ಬರಲಿಲ್ಲ. ಬಾಗಿಲ ಕಡೆ ನೋಡಿದ್ಲು. ನೀನು ಸತ್ತು ವರ್ಷ ಆಗ್ತಾ ಬಂತು, ಇನ್ನೂ ಬಾಗಿಲ ಕಡೆ ನೋಡ್ತಾಳೆ ಕಣೋ.

ದಿನಾ ಸಂಜೆ ಮಗ್ಗ ನಿಲ್ಲಿಸಿ ಅವಳನ್ನ ಪಕ್ಕ ಕೂರಿಸ್ಕೋತೀನಿ. ಬೀದಿಗೆಲ್ಲ ಕೇಳೋ ಹಾಗೆ ತೆಲುಗು ಆಡಿಸ್ತೀನಿ. ಬಂದು ತಡಿ, ನೋಡೋಣ.

ನಿನ್ನ ಅಕ್ಕ