ನಡುವೆ ಮುನ್ನೂರು ಅಡಿ

೧೪ ಮಾರ್ಚ್, ಗುರುವಾರ

ಪ್ರೀತಿಯ ಅಕ್ಕಾ,

ಕಳೆದ ಶನಿವಾರ ಟಿವಿ ನೋಡಿ ನೀನು ಗಾಬರಿಯಿಂದ ಫೋನ್ ಮಾಡಿದಾಗ, "ಏನೂ ಆಗಿಲ್ಲ ಕಣೇ, ತಲೆಗೆ ಬಂದದ್ದು ರುಮಾಲಿಗೆ ಹೋಯ್ತು" ಅಂತ ನಕ್ಕುಬಿಟ್ಟೆ. ಆ ನಗು ಸುಳ್ಳು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಓದಿ ಬೈದರೂ ಸರಿ.

ಅವತ್ತು ಸತತ ಐದನೆಯ ದಿನ ನಾನು ನಸುಕಿಗೇ ಎದ್ದು ಹೊರಟಿದ್ದೆ. ಅದು ದಿನದ ಮೂರನೆಯ ಹಾರಾಟ. ವಿಮಾನ ನನ್ನ ಕೈಯಲ್ಲಿ, ರೇಡಿಯೋ ಸಹಪೈಲಟ್ ಕೈಯಲ್ಲಿ. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು, ತಡವಾಗಿ ಈ ಕೆಲಸಕ್ಕೆ ಬಂದವರು. ಮುಂದಿನ ತಿಂಗಳು ಅವರಿಗೆ ಕ್ಯಾಪ್ಟನ್ ಪರೀಕ್ಷೆಯಿತ್ತು. ಇಳಿಯುತ್ತಿದ್ದೆವು. ಹನ್ನೊಂದು ಸಾವಿರ ಅಡಿಯಲ್ಲಿ ನಿಲ್ಲಿ ಅಂತ ನೆಲದಿಂದ ಸೂಚನೆ ಬಂತು. ಅವರು ಹನ್ನೊಂದು ಅಂತಲೇ ಉತ್ತರ ಕೊಟ್ಟರು. ನಾನು ಎತ್ತರ ನಿಗದಿಮಾಡುವ ಗುಂಡಿ ತಿರುಗಿಸಿ ಹತ್ತು ಸಾವಿರಕ್ಕಿಟ್ಟೆ. ಯಾಕೆ ಅಂತ ಕೇಳಬೇಡ. ಕಿವಿ ಕೇಳಿತ್ತು, ಕೈ ಕೇಳಲಿಲ್ಲ.

ಹತ್ತು ಸಾವಿರದಲ್ಲಿ ಇನ್ನೊಂದು ವಿಮಾನ ಎದುರಿಗೆ ಬರುತ್ತಿತ್ತು. ಮೇಲೇರು, ಮೇಲೇರು ಅಂತ ಎಚ್ಚರಿಕೆಯ ಯಂತ್ರ ಕೂಗಿಕೊಂಡಿತು. ನಮ್ಮ ವಿಮಾನದ ಮೂಗೆತ್ತಿದೆ. ಆ ವಿಮಾನ ಎಡಗಡೆ ಕೆಳಗೆ ಹಾದುಹೋಯಿತು, ನಡುವೆ ಮುನ್ನೂರು ಅಡಿ. ಅದರ ಬೆನ್ನಿನ ಮೇಲೆ ಬಣ್ಣ ಕಿತ್ತುಹೋದ ಜಾಗ ಕೂಡ ಕಾಣಿಸಿತು.

ಹಿಂದೆ ನೂರಾ ಐವತ್ತೆಂಟು ಜನ. ಪರಿಚಾರಕಿಯೊಬ್ಬಳ ಕೈ ಮೇಲೆ ಬಿಸಿ ಕಾಫಿ ಚೆಲ್ಲಿತು, ಅಷ್ಟೇ. ಇಳಿದ ಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಎಷ್ಟು ಮೆತ್ತಗೆ ಇಳಿಸಿದೆಯಮ್ಮಾ" ಅಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಇನ್ನು ನಾಚಿಕೆಯ ಮಾತು. ಸಹಪೈಲಟ್ ನನ್ನನ್ನು ಎಚ್ಚರಿಸಿದ್ದರು. "ಮೇಡಂ, ಹನ್ನೊಂದು ಅಲ್ವಾ?" ಅಂದಿದ್ದರು. "ಗೊತ್ತು, ನಾನು ನೋಡ್ಕೋತೀನಿ" ಅಂತ ಸಿಡುಕಿದ್ದೆ. ಆದರೆ ವರದಿಯಲ್ಲಿ 'ಇಬ್ಬರೂ ಗಮನಿಸಲಿಲ್ಲ' ಎಂದು ಬರೆದೆ. ಕಾಕ್‌ಪಿಟ್ಟಿನ ಧ್ವನಿಮುದ್ರಣ ಮುಂದಿನ ಹಾರಾಟದಲ್ಲಿ ಅದರ ಮೇಲೆಯೇ ಹೊಸದು ಮುದ್ರಣವಾಗಿ ಅಳಿಸಿಹೋಗಿತ್ತು. ಯಾರಿಗೂ ಗೊತ್ತಾಗುವ ದಾರಿಯೇ ಇರಲಿಲ್ಲ. ಸಹಪೈಲಟ್ ವರದಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಬರೆದದ್ದೇ ಇರಲಿ ಮೇಡಂ" ಅಂದು ಸಹಿ ಹಾಕಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಎಚ್ಚರಿಸದೆ ಸುಮ್ಮನೆ ಕೂತರು ಅಂತ ಅವರ ಪರೀಕ್ಷೆ ರದ್ದಾಯಿತು. ತಿಳಿದೂ ನಾನು ಎರಡು ದಿನ ತುಟಿ ಬಿಚ್ಚಲಿಲ್ಲ. ನಿನ್ನೆ ತನಿಖಾಧಿಕಾರಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಯಾರೂ ಕೇಳಿರಲಿಲ್ಲವಲ್ಲ, ಈಗ ಯಾಕೆ?" ಅಂದರು ಅವರು. "ಸಾಕಾಗಿದೆ ಸಾರ್" ಅಂದೆ. ಸಹಪೈಲಟ್‌ಗೆ ಪರೀಕ್ಷೆ ಮತ್ತೆ ಸಿಗುತ್ತದಂತೆ. ನನ್ನ ಲೈಸೆನ್ಸ್ ಅಮಾನತಾಗಿದೆ, ಎಷ್ಟು ತಿಂಗಳೋ ಗೊತ್ತಿಲ್ಲ. ಹೊರಗೆ ಬಂದಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ಹಸಿವಾಯಿತು.

ಅಮ್ಮನಿಗೆ ನೀನೇ ನಿಧಾನಕ್ಕೆ ಹೇಳು. ನನ್ನಲ್ಲಿ ತ್ರಾಣವಿಲ್ಲ.

ದಣಿದು ಕೂತಿರುವ ನಿನ್ನ ತಂಗಿ,
ಪುಟ್ಟಿ

ಮತ್ತೊಂದು ಮಾತು: ಆ ಇನ್ನೊಂದು ವಿಮಾನದ ಕ್ಯಾಪ್ಟನ್ ಇವತ್ತು ಫೋನ್ ಮಾಡಿದ್ದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ, "ನಿದ್ದೆ ಬರ್ತಿದೆಯಾ?" ಅಂದರು. ಇಲ್ಲ ಅಂದೆ. "ನನಗೂ ಇಲ್ಲ" ಅಂದರು. ಕೊನೆಗೆ, "ಮತ್ತೆ ಹಾರ್ತೀರಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿದೆ ಅಕ್ಕಾ, ನಾನಿನ್ನು ಹಾರುವುದಿಲ್ಲ. ಇದೊಂದನ್ನು ಮಾತ್ರ ಅಮ್ಮನಿಗೆ ಈಗಲೇ ಹೇಳಬೇಡ.