ಪಟ್ಟೆ ಸೊಟ್ಟಗಿರಲಿಲ್ಲ

ಟಿ. ದಾಸರಹಳ್ಳಿ
೧೯ ಆಗಸ್ಟ್ ೨೦೧೨

ಪ್ರೀತಿಯ ನೀಲಕ್ಕನಿಗೆ ತಂಗಿ ಮಹಾದೇವಿಯ ಶರಣು.

ನೀನು ಕಳಿಸಿದ ಗುರೆಳ್ಳು ಚಟ್ನಿಪುಡಿಯ ಡಬ್ಬಿ ತಳ ಕಂಡಿತು, ನಿನ್ನ ಪತ್ರಕ್ಕೆ ಮಾತ್ರ ಉತ್ತರ ಹೋಗಲಿಲ್ಲ. ಬೈಯಬೇಡ. ಅಕ್ಷರಗಳು ದೊಡ್ಡವಾಗಿವೆ, ಸಾಲು ಮೇಲೆ ಕೆಳಗೆ ಆಗಿವೆ. ಯಾಕೆಂದು ಹೇಳುತ್ತೇನೆ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗಳನ್ನು ಪರೀಕ್ಷಿಸುವುದು ನನ್ನ ಕೆಲಸವಲ್ಲವೇ? ಜೂನ್‌ನಲ್ಲಿ ನೀಲಿ ಪಟ್ಟೆಯ ಅಂಗಿಗಳು ಬಂದವು. ಒಂದೊಂದರ ಪಟ್ಟೆಯೂ ನಡುವೆ ಬಳುಕಿದಂತೆ ಕಂಡಿತು. ಮಧ್ಯಾಹ್ನದೊಳಗೆ ಮೂವತ್ತೆಂಟು ಅಂಗಿ ಪಕ್ಕಕ್ಕೆ ಎಸೆದೆ. ಹೊಲಿದ ಹುಡುಗಿ ಮರಿಯಮ್ಮ ಎಲ್ಲರೆದುರು ಬೈಸಿಕೊಂಡು ಅತ್ತಳು. ಆಮೇಲೆ ಸೂಪರ್‌ವೈಸರ್ ರಾಣಿ ಬಂದು ಪಟ್ಟೆಯ ಮೇಲೆ ಸ್ಕೇಲ್ ಇಟ್ಟಳು.

"ನೆಟ್ಟಗೇ ಇದೆಯಲ್ಲ ಆಂಟಿ, ಯಾಕೆ ರಿಜೆಕ್ಟ್ ಮಾಡ್ಬಿಟ್ರಿ?"

ಸ್ಕೇಲೂ ನನಗೆ ಸೊಟ್ಟಗೇ ಕಂಡಿತು ಅಕ್ಕ. ಹೇಳಲು ಹೆದರಿ ಮುಂದಿನ ಅಂಗಿ ಎತ್ತಿಕೊಂಡೆ.

ಮನೆಗೆ ಬಂದು ಎಡಗಣ್ಣು ಮುಚ್ಚಿಕೊಂಡು ಕಿಟಕಿ ನೋಡಿದೆ. ಸರಳುಗಳು ಬಾಗಿದ್ದವು. ಬಲಗಣ್ಣು ಮುಚ್ಚಿದರೆ ನೆಟ್ಟಗಿದ್ದವು. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಇಷ್ಟು ದಿನ ಬಹುಮಟ್ಟಿಗೆ ಮುಚ್ಚಿಟ್ಟಿತ್ತು. ಬಸ್ಸಿನ ಬೋರ್ಡಿನ ನಡುವಿನ ಅಂಕಿ ಮಸುಕಾಗುವುದು, ಅಕ್ಕಿ ಆರಿಸಲು ಬಾಗಿಲಿನ ಬೆಳಕಿಗೇ ಹೋಗಬೇಕಾಗುವುದು, ಇದೆಲ್ಲ ಯುಗಾದಿಯಿಂದಲೇ ಇತ್ತು. ವಯಸ್ಸಾಯಿತು ಎಂದುಕೊಂಡಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಚಹಾ ಕೊಡುವಾಗ ನಮ್ಮ ಯಜಮಾನರನ್ನು ಬಲಗಣ್ಣಿನಲ್ಲಷ್ಟೇ ನೋಡಿದೆ. ಕಿವಿ ಎರಡೂ ಇದ್ದವು, ಮೂಗೇ ಇರಲಿಲ್ಲ!

"ಮೂಗಿಲ್ಲದ ಗಂಡನ್ನ ಕಟಗೊಂಡೀಯೇನು? ನಡಿ, ಇವತ್ತ ಹೋಗೂಣು," ಎಂದರು ಸಂಗಣ್ಣನವರು. ನಗಿಸಲು ಹಾಗೆ ಅಂದರೂ ಚಹಾ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿದರು.

ಡಾಕ್ಟರು ಚೌಕಳಿ ಗೆರೆಯ ಹಾಳೆ ಕೊಟ್ಟು, ನಡುವಿನ ಚುಕ್ಕೆ ನೋಡಿ ಅಂದರು. ಚುಕ್ಕೆಯ ಸುತ್ತ ಗೆರೆಗಳು ಸುಕ್ಕುಗಟ್ಟಿದ್ದವು. "ಇದು ಪೊರೆ ಅಲ್ಲಮ್ಮ. ಕಣ್ಣಿನ ಪರದೆಯ ನಡುಭಾಗ ಕೆಡ್ತಾ ಇದೆ. ಹೋದದ್ದು ಪೂರ್ತಿ ಬರುತ್ತೆ ಅನ್ನಲ್ಲ. ಬೇಗ ಬಂದಿದೀರ, ಇರೋದನ್ನ ಉಳಿಸ್ಕೊಳ್ಳೋಣ."

ಕಣ್ಣಿಗೇ ಚುಚ್ಚುಮದ್ದು! ಹೆದರಿದಷ್ಟು ನೋಯಲಿಲ್ಲ. ಎರಡಾಗಿವೆ. ಸರಳುಗಳು ಈಗ ಸ್ವಲ್ಪವೇ ಬಾಗಿವೆ.

ಮರಿಯಮ್ಮನ ಹತ್ತಿರ ಹೋಗಿ, ತಪ್ಪು ನಿನ್ನದಲ್ಲ ತಾಯಿ, ನನ್ನ ಕಣ್ಣಿನದು ಎಂದೆ. ರಾಣಿಯ ಎದುರಿಗೂ ಹೇಳಿದೆ. ಆ ಹುಡುಗಿ, "ಬಿಡಿ ಆಂಟಿ, ಮೊದ್ಲು ಕಣ್ಣು ನೋಡ್ಕೊಳ್ಳಿ," ಎಂದು ಸಂಜೆ ಕೈ ಹಿಡಿದು ತುಮಕೂರು ರಸ್ತೆ ದಾಟಿಸಿದಳು. ರಾಣಿ ನನ್ನನ್ನು ಗುಂಡಿ ಎಣಿಸುವ ಮೇಜಿಗೆ ಹಾಕಿದ್ದಾಳೆ.

ನೀನೂ ಒಂದೊಂದೇ ಕಣ್ಣು ಮುಚ್ಚಿಕೊಂಡು ಮಗ್ಗದ ಎಳೆಗಳನ್ನು ನೋಡು. ಎಲ್ಲಾದರೂ ಬಾಗಿದಂತೆ ಕಂಡರೆ ಒಂದು ದಿನವೂ ತಡಮಾಡಬೇಡ. ಇದು ಒಡಹುಟ್ಟಿದವರಲ್ಲಿಯೂ ಬರಬಹುದಂತೆ. ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ, ನಿನ್ನ ಮಗ್ಗ ನಡೆಯುತ್ತಿರಲಿ.

ನಿನ್ನ
ಮಹಾದೇವಿ

ಮ.ವಿ.: ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಅವ್ವನಿಗೆ ಮುಪ್ಪಿನಲ್ಲಿ ಕಣ್ಣು ಹೋಗಿತ್ತು ಎಂದೆ. ನಡುವಿನ ನೋಟ ಹೋದವರು ಎದುರಿನವರ ಮುಖ ಕಾಣಲೆಂದೇ ತಲೆಯನ್ನು ಪಕ್ಕಕ್ಕೆ ತಿರುಗಿಸುತ್ತಾರಂತೆ. ನಿಮ್ಮ ಮಾತು ಮೀರಿ ಮದುವೆಯಾಗಿ, ಹದಿನಾಲ್ಕು ವರ್ಷದ ಮೇಲೆ ನಾನು ಬಂದಾಗ ಅವ್ವ ನನ್ನ ಕಡೆಯಿಂದ ಮುಖ ತಿರುಗಿಸಿದಳಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಎಂದು ನೀರೂ ಕುಡಿಯದೆ ಹೊರಟೆ. ಮತ್ತೆ ಬಂದದ್ದು ಅವಳ ಮಣ್ಣಿಗೆ. ಆ ದಿನ ನಾನು ಹೊಸ್ತಿಲು ದಾಟಿದ ಮೇಲೆ ಅವಳು ಏನಾದರೂ ಅಂದಳೇ ಅಕ್ಕ? ಏನಿದ್ದರೂ ಬರೆ. ಓದಲು ಒಂದು ಕಣ್ಣಿದೆ.